ಆರದ ಕಂದೀಲು

ಕಂದೀಲು ಆರಲಿಲ್ಲ.

ರಾಜೇಶ್ವರಿ ಹಗ್ಗವನ್ನು ಇನ್ನಷ್ಟು ಸಡಿಲಬಿಟ್ಟಳು. ಹಗೇವಿನ ಕಿರಿದಾದ ಬಾಯಿಂದ ಇಣುಕಿದರೆ, ಕೆಳಗೆ ಕತ್ತಲ ತಳದಲ್ಲಿ ಕಂದೀಲಿನ ಕುಡಿ ನೆಟ್ಟಗೆ ನಿಂತು ಉರಿಯುತ್ತಿತ್ತು. ಸಣ್ಣಗಾಗುವ ಸೂಚನೆ ಕೂಡ ಇರಲಿಲ್ಲ.

"ನೋಡಿದ್ರೆಲ್ಲ ಬಾಯರ?" ಪಕ್ಕದಲ್ಲಿ ಮೊಣಕಾಲೂರಿ ಕುಳಿತಿದ್ದ ಭರಮಪ್ಪ ಕೆಳಗೆ ಬೆರಳು ತೋರಿಸಿದ. "ಅವತ್ತೂ ಹಿಂಗ ಉರದಿತ್ತು. ದೇವರಾಣಿ, ಹಿಂಗ ಉರದಿತ್ತು."

ಇದೇ ಹಗೇವಿನೊಳಗೆ ನಿಂಗರಾಜ ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಚಚಡಿಯ ಊರಂಚಿನ ಈ ಸಣ್ಣ ವಾಡೆಯ ಒಬ್ಬನೇ ಮಗ ಅವನು. ಬಿಸಿಲನ್ನು ಜೋಳದ ಹಾಗೆ ನೆಲದೊಳಗೆ ಕೂಡಿಡುತ್ತೇನೆಂದು ಹೊರಟಿದ್ದ ಎಂಜಿನಿಯರ್. ಕಂದೀಲು ಇಳಿಸದೆ ಅವನನ್ನು ಒಳಗೆ ಬಿಟ್ಟು ಕೊಂದವನು ಗೋಡೆ ಕಟ್ಟುವ ಗೌಂಡಿ ಭರಮಪ್ಪನೇ ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು. ಅವನನ್ನು ಕರೆದೊಯ್ಯಲು ಇಂದು ಸಂಜೆ ಪೊಲೀಸ್ ಜೀಪು ಬರುವುದಿತ್ತು.

ಈ ಸೀಮೆಯಲ್ಲಿ ಹಗೇವು ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ನೆಲದೊಳಗೆ ತೋಡಿ, ಮೇಲೆ ಕಲ್ಲು ಮುಚ್ಚಿ ಜೋಳ ತುಂಬಿಡುವ ಗುಂಡಿ. ಮುಚ್ಚಿಟ್ಟ ಕಾಳು ಒಳಗೊಳಗೇ ಉಸಿರಾಡಿ ಗಾಳಿಯನ್ನು ಕೆಡಿಸುತ್ತದೆ. ಬಾಯಿ ತೆರೆದ ಕೂಡಲೇ ಇಳಿದವನು ಮತ್ತೆ ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಕಂದೀಲು ಇಳಿಸುತ್ತಾರೆ. ಆರಿದರೆ ಯಾರೂ ಇಳಿಯಬಾರದು, ಉರಿದರೆ ಇಳಿಯಬಹುದು. ಮುತ್ತಜ್ಜರ ಕಾಲದಿಂದ ನಡೆದು ಬಂದ ಈ ರೀತಿ ಯಾರಿಗೂ ಕೈಕೊಟ್ಟಿರಲಿಲ್ಲ.

ಹಾಗಾಗಿ ಊರಿನ ಲೆಕ್ಕ ಬಹಳ ಸರಳ. ಹುಡುಗ ಸತ್ತಿದ್ದಾನೆ, ಅಂದಮೇಲೆ ಕಂದೀಲು ಆರಿರಲೇಬೇಕು. ಭರಮಪ್ಪ ಅದನ್ನು ಇಳಿಸಿಯೇ ಇಲ್ಲ, ಇಲ್ಲವೇ ಆರಿದ್ದನ್ನು ಬಚ್ಚಿಡುತ್ತಿದ್ದಾನೆ.

ಕಿತ್ತೂರಿನ ರಾಜೇಶ್ವರಿಗೆ ಸರಳ ಲೆಕ್ಕಗಳೆಂದರೆ ಮೊದಲಿನಿಂದಲೂ ಆಗಿಬರುವುದಿಲ್ಲ. ಸುಟ್ಟ ಗೋದಾಮು, ಸುಟ್ಟ ಅಂಗಡಿಗಳ ಬೂದಿ ಕೆದಕಿ ಬೆಂಕಿ ಎಲ್ಲಿ ಹುಟ್ಟಿತೆಂದು ವಿಮಾ ಕಂಪನಿಗಳಿಗೆ ಹೇಳುವುದು ಅವಳ ಕಸುಬಾಗಿತ್ತು. ಕಸುಬು ಬಿಟ್ಟಿದ್ದಳು, ಚಟ ಬಿಟ್ಟಿರಲಿಲ್ಲ. ಭರಮಪ್ಪನ ಮಗಳು ಭಾಗ್ಯಾ ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ನರ್ಸು. ಆಕೆ ಕಿತ್ತೂರಿನ ತನಕ ಬಸ್ಸು ಹಿಡಿದು ಬಂದು, "ನಮ್ಮಪ್ಪ ಸುಳ್ಳ ಹೇಳೂದಿಲ್ರಿ" ಎಂದಷ್ಟೇ ಹೇಳಿ ಬಾಗಿಲಲ್ಲೇ ಕುಸಿದು ಕೂತಾಗ, ರಾಜೇಶ್ವರಿ ಒಲೆಯ ಮೇಲಿನ ಹಾಲು ಇಳಿಸಿ ಚಪ್ಪಲಿ ಮೆಟ್ಟಿದ್ದಳು.

"ಒಳಗ ಇಳಿದ ಮ್ಯಾಲ ಏನಾತು ಭರಮಪ್ಪಣ್ಣ? ಇನ್ನೊಮ್ಮೆ ಹೇಳ್ರಿ."

"ಎಷ್ಟ ಸಲ ಹೇಳ್ಲಿರಿ?" ಎಂದರೂ ಹೇಳಿದ. "ವಾರಕ್ಕೊಮ್ಮೆ ಸಾಹೇಬ್ರು ಇಳಿದು ಮೀಟರ್ ನೋಡ್ತಿದ್ರು. ನಾನು ಕಲ್ಲ ಸರಿಸಿ ಕಂದೀಲ ಬಿಡಾಂವ. 'ಇದರಾಗ ಜ್ವಾಳ ಎಲ್ಲೈತಿ ಕಾಕಾ?' ಅಂತ ನಗತಿದ್ರು. ನಕ್ಕರೂ ನಾ ಕಂದೀಲ ಇಳಿಸೂ ಮಟ ನಿಂದರ್ತಿದ್ರು. ಅವತ್ತೂ ನಿಂತ್ರು. ಇಳಿದ್ರು. ಒಳಗಿಂದ ಒದರಿದ್ರು ನೋಡ್ರಿ, 'ಕಾಕಾ, ಬಿಸಿ ನಿಂತೈತಿ! ನಿಂತೈತಿ!' ಅಂತ. ನಕ್ಕರು. ಆಮ್ಯಾಲ ಸದ್ದಿಲ್ಲ."

ಅವನು ಹಗೇವಿನ ಬಾಯಿಂದ ಮುಖ ಆಚೆ ತಿರುಗಿಸಿದ.

"ಆ ನಗಿ ಇನ್ನೂ ಕಿವ್ಯಾಗ ಐತ್ರಿ. ಗ್ವಾಡಿ ಕಟ್ಟಾಕ ಕುಂತರ ಇಟ್ಟಂಗಿ ಒಳಗಿಂದ ಕೇಳಿಧಂಗ ಆಗತೈತಿ. ಕರಣಿ ಹಿಡಿಯೂದ ಬಿಟ್ಟೇನಿ."

"ನೀವೂ ಇಳಿದ್ರೆಲ್ಲ?"

"ಸೊಂಟಕ್ಕ ಹಗ್ಗ ಕಟಗೊಂಡು ಇಳದ್ನಿ. ಅವರ ಬಗಲಾಗ ಹಗ್ಗ ಹಾಕಿ ಮ್ಯಾಲ ಎಳಸಿದ್ನಿ. ಅವಾಗೂ ಕಂದೀಲ ಅಲ್ಲೆ ಉರಿಯಾಕತ್ತಿತ್ತು. ಅದನ್ನ ಹೇಳಿದ್ರ ಯಾರೂ ನಂಬವಲ್ರು. ನನಗೂ ತಲಿ ಸಿಡದಂಗ ಆತು, ವಾಂತಿ ಆತು, ಹಾಸಿಗಿ ಹಿಡದ್ನಿ. ಹೆದರಿಕಿಗೆ ಆಗಿರಬೇಕು ಅಂದ್ರು."

ಆ ತಲೆನೋವಿನ ಸುದ್ದಿಯನ್ನು ಭಾಗ್ಯಾ ಮೊದಲೇ ಹೇಳಿದ್ದಳು. ಅದನ್ನು ಕೇಳಿಯೇ ರಾಜೇಶ್ವರಿ ಪರಿಚಯದ ಸಕ್ಕರೆ ಕಾರ್ಖಾನೆಯೊಂದರಿಂದ ಗಾಳಿ ಅಳೆಯುವ ಸಣ್ಣ ಪೆಟ್ಟಿಗೆಯನ್ನು ಎರವಲು ತಂದಿದ್ದಳು. ಅದು ಇನ್ನೂ ಚೀಲದಲ್ಲೇ ಇತ್ತು. ಅದನ್ನು ಹೊರತೆಗೆಯುವಾಗ ಎದುರಿಗೆ ಒಬ್ಬ ಮನುಷ್ಯ ಇರಬೇಕಿತ್ತು, ಆ ಮನುಷ್ಯ ಯರಗಟ್ಟಿಯಿಂದ ಬರುವವನಿದ್ದ.

ವಾಡೆಯ ಅಂಗಳದಲ್ಲಿ ಎರಡು ಹಗೇವು. ಒಂದರಲ್ಲಿ ನಿಂಗರಾಜ ಸವದತ್ತಿ ಗುಡ್ಡದ ಕಲ್ಲುಪುಡಿ, ಮರಳು ತುಂಬಿಸಿ ನಡುವೆ ಕಬ್ಬಿಣದ ಸುರುಳಿ ಹೂಳಿಸಿದ್ದ. ಹಗಲು ಮಾಳಿಗೆಯ ಮೇಲಿನ ಸೋಲಾರ್ ಫಲಕಗಳು ಆ ಸುರುಳಿಯನ್ನು ಕಾಯಿಸಬೇಕು, ಮರಳು ಆ ಬಿಸಿಯನ್ನು ದಿನಗಟ್ಟಲೆ ಹಿಡಿದಿಡಬೇಕು. ಇನ್ನೊಂದು, ಅವನು ಇಳಿದು ಸತ್ತ ಹಗೇವು, ಖಾಲಿ. ಅದರಲ್ಲಿ ಮೀಟರುಗಳು, ಮತ್ತು ಬಿಸಿಯನ್ನು ಮನೆಯೊಳಗೆ ಒಯ್ಯುವ ಕೊಳವೆ. ನಸುಕಿನಲ್ಲೇ ಸೌದೆ ಉರಿಸಿ ನೂಲಿಗೆ ಬಣ್ಣ ಹಾಕುವ ರಾಮದುರ್ಗದ ನೇಕಾರರಿಗೆ ಇದನ್ನು ಕೊಡಬೇಕೆಂದು ಅವನ ಕನಸು. ಮೊದಲ ಪ್ರಯೋಗವನ್ನು ಮಾತ್ರ ಮನೆಯಲ್ಲೇ ಮಾಡಿದ್ದ, ಬಾಣಂತಿ ಕೋಣೆಯ ನೆಲದ ಕೆಳಗೆ.

ಮರಳು ಉಸಿರಾಡುವುದಿಲ್ಲ. ಜೋಳವಿಲ್ಲದ ಹಗೇವಿನಲ್ಲಿ ಹಗೇವಿನ ಗಾಳಿ ಹುಟ್ಟುವುದೆಲ್ಲಿಂದ? ಇಷ್ಟು ಸಣ್ಣ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಗೇವಿನಲ್ಲಿ ಹೆಣ ಸಿಕ್ಕರೆ ಕಾರಣ ಹುಡುಕುವ ವಾಡಿಕೆ ಇಲ್ಲಿ ಇಲ್ಲವೇ ಇಲ್ಲ.

ಕಂದೀಲನ್ನು ಕೆಳಗೇ ಬಿಟ್ಟು ಅವಳು ಮನೆಯೊಳಗೆ ನಡೆದಳು.

ಬಾಣಂತಿ ಕೋಣೆಯ ಕಿಟಕಿಗೆ ಗೋಣಿತಟ್ಟು ಬಿಗಿದಿದ್ದರು. ಬಾಗಿಲು ತೆರೆದರೆ ಅಜವಾನದ ವಾಸನೆ. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡ ಐಶ್ವರ್ಯಾ ಗೋಡೆಗೆ ಒರಗಿ ಕುಳಿತಿದ್ದಳು; ಒಂದು ಕೈ ತೊಟ್ಟಿಲ ಮೇಲೆ, ಇನ್ನೊಂದು ಅಂಗೈ ಬರಿ ನೆಲದ ಮೇಲೆ. ತವರಲ್ಲಿ ತಾಯಿ ಇಲ್ಲದ ಹುಡುಗಿ. ಅದಕ್ಕೇ ಬಾಣಂತನ ಅತ್ತೆಯ ಮನೆಯಲ್ಲಿ. ಅವಳು ಕೂಸನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ಗಂಡ ಹಗೇವಿನಲ್ಲಿ ಸತ್ತಿದ್ದ.

"ಮುಟ್ಟಿ ನೋಡ್ರಿ," ಎಂದಳು ಐಶ್ವರ್ಯಾ, ಮುಖ ಎತ್ತದೆ. "ಬೆಚ್ಚಗೈತಿ."

ರಾಜೇಶ್ವರಿ ಅಂಗೈಯ ಹಿಂಬದಿಯನ್ನು ಕಲ್ಲಿಗೆ ತಾಗಿಸಿದಳು. ಹೌದು, ನಸುಬೆಚ್ಚಗಿತ್ತು.

"ಅವರು ಹೋದ ದಿನಾನ ವಾಯರ್ ಕಿತ್ತಾರ. ಮಾಳಗಿ ಮ್ಯಾಲ ತಾಡಪತ್ರಿ ಹೊಚ್ಚ್ಯಾರ. ಆದ್ರೂ ನೆಲ ತಣ್ಣಗಾಗವಲ್ದು. ಸಂಜಿ ಆತಂದ್ರ ಆ ಕೊಳವಿ ಬಾಯಾಗ ಯಾರೋ ಉಸರಾಡಿಧಂಗ ಸದ್ದು ಬರತೈತಿ. ನಾ ಒಬ್ಬಾಕೀನ ಅಲ್ಲ, ಅತ್ತಿನೂ ಕೇಳ್ಯಾರ."

ಮೂಲೆಯಲ್ಲಿ ಗೋಡೆಯಿಂದ ಗೇಣುದ್ದ ಹೊರಚಾಚಿದ್ದ ಕೊಳವೆಯ ಬಾಯನ್ನು ರಾಜೇಶ್ವರಿ ನೋಡಿದಳು. ಈಗ ಅದು ಸುಮ್ಮನಿತ್ತು. ದೆವ್ವ ಭೂತಗಳನ್ನು ಅವಳು ನಂಬುವವಳಲ್ಲ. ಆದರೂ ಆ ಕರಿ ಬಾಯಿಯ ಎದುರು ಬೆನ್ನು ಮಾಡಿ ನಿಲ್ಲಲು ಮನಸ್ಸಾಗಲಿಲ್ಲ.

"ತಲಿನೋವು ಐತೇನವಾ?"

"ದಿನಾ ಮುಂಜಾನೆ ಎದ್ದ ಕೂಡಲೇ. ಅತ್ತು ಅತ್ತು ಬರಾಕತ್ತೈತಿ ಅಂತಾರ."

ಸಿದ್ದಲಿಂಗವ್ವ ಒಳಗೆ ಬಂದಳು. ಮಗ ಹೋದ ಮೇಲೆ ಆ ಎತ್ತರದ ಹೆಂಗಸು ಬಾಗಿಲ ಚೌಕಟ್ಟು ಹಿಡಿಯದೆ ಹೊಸ್ತಿಲು ದಾಟುತ್ತಿರಲಿಲ್ಲ. ನೆಲದ ಆ ಬೆಚ್ಚನೆಯ ಕಲ್ಲುಗಳನ್ನು ಮಾತ್ರ ತುಳಿಯದೆ, ಗೋಡೆಯಂಚಿನಲ್ಲೇ ಸುತ್ತಿ ಬಂದು ತೊಟ್ಟಿಲು ತೂಗಿದಳು.

"ನಮ್ಮ ಕಾಲದಾಗ ಹೊರಸಿನ ಬುಡಕ ಅಗ್ಗಿಷ್ಟಿಗಿ ಇಟ್ಟು ಬಾಣಂತಿ ಕಾಸತಿದ್ವಿ," ಎಂದಳು. "ಅಂವಗ ಅದು ಬ್ಯಾಡಾಗಿತ್ತು. 'ಅವ್ವಾ, ನನ್ನ ಕೂಸು ಹೊಗಿ ಕುಡದು ಬೆಳೀಬಾರ್ದು, ಬಿಸಲ ಕುಡದು ಬೆಳೀಲಿ' ಅಂತಿದ್ದ. ಮಣ್ಣ ಮಾಡೂ ಮುಂದ ಹಣಿಗೆ ವಿಭೂತಿ ನಾನ ಹಚ್ಚಿದ್ನಿ. ಏನ ಹೇಳ್ಲಿ ತಂಗಿ, ಮಾರಿ ಕೆಂಪಗಿತ್ತು, ಈಗ ಎರಕೊಂಡು ಎದ್ದ ಕೂಸಿನಂಗ. ಸತ್ತಾವ್ರ ಮಾರಿ ಹಂಗ ಇರತೈತೇನು? ಅಂವಾ ಹೋಗಿಲ್ಲ. ಇಲ್ಲೇ ಅದಾನ."

ಆ ಕೆಂಪನ್ನು ರಾಜೇಶ್ವರಿ ಬಲ್ಲಳು. ಚಳಿಗೆ ಬಾಗಿಲು ಮುಚ್ಚಿ ಇದ್ದಲಿ ಒಲೆ ಪಕ್ಕದಲ್ಲಿಟ್ಟು ಮಲಗಿ, ಬೆಳಿಗ್ಗೆ ಏಳದೇ ಹೋದ ಗೋದಾಮು ಕಾವಲುಗಾರರ ಮುಖದಲ್ಲಿ ಅದನ್ನು ನೋಡಿದ್ದಳು. ಇದ್ದಲಿಯ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮನುಷ್ಯನನ್ನು ಕೊಲ್ಲುತ್ತದೆ, ಕಂದೀಲಿನ ತಂಟೆಗೆ ಹೋಗುವುದಿಲ್ಲ.

ಅಂದರೆ ಭರಮಪ್ಪ ನಿಜ ಹೇಳುತ್ತಿದ್ದ. ಅವನ ಕಂದೀಲೂ ಸುಳ್ಳು ಹೇಳಿರಲಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿತ್ತು ಅಷ್ಟೆ.

"ಅಮ್ಮಾರ, ಒಂದ ಬಟ್ಟಲದಾಗ ಒಂದೀಟು ತುಪ್ಪ ಕೊಡತೀರೇನ್ರಿ?"

ಪುಷ್ಯ ಮಾಸದ ಚಳಿಗೆ ಕಲ್ಲಿನಂತೆ ಗಟ್ಟಿಯಾಗಿದ್ದ ತುಪ್ಪವನ್ನು ಸಿದ್ದಲಿಂಗವ್ವ ತಂದುಕೊಟ್ಟಳು. ರಾಜೇಶ್ವರಿ ಬಟ್ಟಲನ್ನು ಮೂಲೆಯ ಕಲ್ಲಿನ ಮೇಲಿಟ್ಟಳು. ಸತ್ತವನ ಮರಳು ಉಳಿಸಿಟ್ಟ ಬಿಸಿಯೇ ಇದಾದರೆ ಅದು ದಿನದಿನಕ್ಕೂ ಇಳಿಯಬೇಕು. ತುಪ್ಪ ಗಟ್ಟಿಯಾಗಿಯೇ ಇರಬೇಕು; ಯಾರಾದರೂ ಹೊಸದಾಗಿ ಕಾಸಿದರೆ ಮಾತ್ರ ಕರಗೀತು. ಈ ಹುಡುಗಿಯ ಸಲುವಾಗಿ ಅದು ಗಟ್ಟಿಯಾಗಿಯೇ ಇರಲಿ ಎಂದು ಅವಳಿಗೆ ಮನಸಾರೆ ಅನಿಸಿತು.

ಹೊರಗೆ ಬಂದು ಅವಳು ಕೊಳವೆಯ ಜಾಡು ಹಿಡಿದು ವಾಡೆಯನ್ನು ಸುತ್ತಿದಳು. ಹಗೇವಿನಿಂದ ಹೊರಟ ಇಟ್ಟಂಗಿಯ ಕಾಲುವೆ ದನದ ಕೊಟ್ಟಿಗೆಯ ಹಿಂದೆ ಒಂದು ಕಡೆ ನೆಲದ ಮಟ್ಟಕ್ಕೆ ಬಂದಿತ್ತು. ಅಲ್ಲಿ ಒಂದು ಇಟ್ಟಂಗಿಗೆ ಗಾರೆ ಹಿಡಿದಿರಲಿಲ್ಲ. ಎಳೆದಳು, ಬಂತು. ಒಳಗೆ ಕೈ ಹಾಕಿದರೆ ಬೆರಳಿಗೆ ಹತ್ತಿದ್ದು ಬೂದಿ. ನುಣ್ಣನೆಯ, ಬಿಳಿಯ, ಜಾಲಿ ಇದ್ದಲಿಯ ಬೂದಿ. ತಣ್ಣಗಿತ್ತು. ಹಳೆಯದಿರಬೇಕು ಅಂದುಕೊಂಡು ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿಕೊಂಡು, ಇಟ್ಟಂಗಿಯನ್ನು ಮೊದಲಿನಂತೆ ಮುಚ್ಚಿದಳು.

ಆಮೇಲೆ ಅಂಗಳದ ಕಟ್ಟೆಯ ಮೇಲೆ ಕೂತು ಕಾದಳು. ಬಿಸಿಲು ಗೋಡೆ ಹತ್ತಿತು. ಭಾಗ್ಯಾ ಅಪ್ಪನಿಗೆ ಚಹಾ ಕುಡಿಸಲು ನೋಡಿದಳು, ಅವನು ಬಸಿ ಹಾಗೇ ಕೆಳಗಿಟ್ಟ. ಸಿದ್ದಲಿಂಗವ್ವ ಸೆರಗಿನ ಮರೆಯಲ್ಲಿ ಮಡಕೆ ಹಿಡಿದು ಕೊಟ್ಟಿಗೆಯ ಕಡೆ ಹೋದಳು. ಆಕಳಿಗೆ ಮುಸುರೆ ಇರಬೇಕು.

ಹೊತ್ತು ಇಳಿಯುತ್ತಿರುವಾಗ ಯರಗಟ್ಟಿಯಿಂದ ಗೌರೀಶನ ಕಾರು ಬಂತು.

ಗೌರೀಶ ಸೋಲಾರ್ ಪಂಪಿನ ವ್ಯಾಪಾರಿ. ನಿಂಗರಾಜನ ಜೊತೆ ಒಂದೇ ಬೆಂಚಿನಲ್ಲಿ ಕಲಿತವನು, ಈ ಕೆಲಸದಲ್ಲಿ ಪಾಲುದಾರ. ಗೆಳೆಯನ ಗೌರವಕ್ಕಾಗಿ ಹಗೇವನ್ನು ಯಾರೂ ಮುಟ್ಟಬಾರದು ಎಂದು ಮುಚ್ಚಿಸಿದವನೂ ಅವನೇ. ಈಗ ಕಲ್ಲು ಸರಿದಿದ್ದು ಕಂಡು ಅವನ ಹುಬ್ಬು ಗಂಟಾಯಿತು.

"ಮೇಡಂ, ಭರಮಪ್ಪನ್ನ ಉಳಸಾಕ ಬಂದೀರಿ, ತಿಳೀತೈತಿ. ಆದ್ರ ಸತ್ತಾಂವ ನನ್ನ ಜೀಂವದ ಗೆಳ್ಯಾರಿ. ಹಿಂಗ ಕೆದಕಬ್ಯಾಡ್ರಿ."

ರಾಜೇಶ್ವರಿ ಕಾಗದ ಬಿಚ್ಚಿ ಅವನ ಮುಂದೆ ಹಿಡಿದಳು.

"ಇದೇನ್ರಿ ಗೌರೀಶ?"

"ಬೂದಿ."

"ಬಿಸಲು ಬೂದಿ ಬಿಡತೈತೇನ್ರಿ?"

ಅವನು ಬೂದಿಯಿಂದ ಕಣ್ಣು ಕಿತ್ತ. ಭರಮಪ್ಪನನ್ನು ನೋಡಿದ, ಭಾಗ್ಯಾಳನ್ನು ನೋಡಿದ. ಕೊನೆಗೆ ಕಟ್ಟೆಯ ಮೇಲೆ ಕುಸಿದು ಕೂತ.

"ಬಿಸಿ ನಿಲ್ತಿದ್ದಿಲ್ರಿ," ಎಂದ. "ಇದು ಎರಿ ಮಣ್ಣು. ಒಳಗಿನ ಪಸಿ ಎಲ್ಲಾ ಕಾವು ನುಂಗತಿತ್ತು. ಮರಳಿನ ಸುತ್ತ ಇನ್ನೊಂದ ಗ್ವಾಡಿ ಕಟ್ಟಬೇಕು, ಒಂದ ವರ್ಷ ಬೇಕು ಅಂತಿದ್ದ ನಿಂಗ್ಯಾ. ಅಷ್ಟರಾಗ ರೊಕ್ಕ ಹಾಕೂ ಪುಣೆದವರು ನೋಡಾಕ ಬರ್ತೇವಂದ್ರು. ಅವರು ಒಪ್ಪಿದ್ರ ರಾಮದುರ್ಗದಾಗ ದೊಡ್ಡದು ಕಟ್ಟಬಹುದಿತ್ತು. ಅದಕ್ಕ ನಾ..."

"ಇದ್ದಲಿ ಹಾಕಿದ್ರಿ."

"ಮೀಟರ್ ಒಂದೀಟು ಏರಲಿ ಅಂತ. ಅಂವಗ ಗೊತ್ತಿಲ್ರಿ. ಗೊತ್ತಾಗಿದ್ರ ನನ್ನ ಮಾರಿ ನೋಡ್ತಿದ್ದಿಲ್ಲ."

"ಅಂವಾ ಗೆದ್ದೆ ಅಂದ್ಕೊಂಡು ಸತ್ತಾನ್ರಿ," ಎಂದಳು ರಾಜೇಶ್ವರಿ. ಅವಳ ಸಿಟ್ಟು ದನಿಯಲ್ಲಿ ಕಂಡಿತು. "ಬಿಸಿ ನಿಂತೈತಿ ಅಂತ ಒದರಿ, ನಕ್ಕು, ನಿಮ್ಮ ಇದ್ದಲಿ ಗಾಳಿ ಕುಡದು ಸತ್ತಾನ. ಆಮ್ಯಾಲ ಈ ಮನಿಶ್ಯಾನ ತಲಿಗೆ ಕಟ್ಟೀರಿ."

"ಇಲ್ರಿ!" ಗೌರೀಶ ಎದ್ದುನಿಂತ. "ಅಲ್ಲೇ ತಪ್ಪಾಕತ್ತೀರಿ ನೀವು. ಪುಣೆದವರು ಬರೂದು ಮುಂದ ಹೋತು. ಅಂವಾ ಇಳಿಯೂದಕ್ಕ ಎರಡ ದಿನ ಮೊದಲ ನಾ ಎಲ್ಲಾ ಕೆಂಡ ತಗದು ಬಳದು ಹಾಕೇನಿ. ಅವತ್ತ ನಾ ರಾಮದುರ್ಗದಾಗ ನೇಕಾರರ ಜೋಡಿ ಇದ್ನಿ, ಕೇಳ್ರಿ ಬೇಕಾದ್ರ. ಆಮ್ಯಾಲ ಒಂದ ಚೂರು ಇದ್ದಲಿ ಮುಟ್ಟಿಲ್ಲ. ಅಂವಾ ಹಗೇವಿನ ಗಾಳಿಗೇನ ಸತ್ತಾನ್ರಿ. ಹಂಗಲ್ಲಂದ್ರ ನಾ ಹೆಂಗ ಬದಕ್ಲಿ?"

ರಾಜೇಶ್ವರಿ ಹಗೇವಿನ ಬಾಯಿಯ ಕಡೆ ಕೈ ತೋರಿದಳು.

"ಹಂಗಾರ ಈಗ ಒಳಗ ಏನೂ ಇಲ್ಲ?"

"ಏನೂ ಇಲ್ರಿ."

"ಇಳೀರಿ."

"ಏನ್ರಿ?"

"ಕಂದೀಲ ಉರಿಯಾಕತ್ತೈತಿ. ಇದ್ದಲಿ ಇಲ್ಲ ಅಂತೀರಿ. ಇಳದು ಆ ಮೀಟರ್ ಬಿಚ್ಚಿ ತರ್ರಿ."

ಗೌರೀಶ ಚಪ್ಪಲಿ ಕಳಚಿದ. ಏಣಿ ಹಿಡಿದು ಒಂದು ಕಾಲು ಒಳಗಿಟ್ಟ. ಹೆದರಿಕೆ ಇರಲಿಲ್ಲ, ತಡವರಿಕೆಯೂ ಇರಲಿಲ್ಲ. ಇನ್ನೊಂದು ಕಾಲು ಇಡುವಷ್ಟರಲ್ಲಿ ರಾಜೇಶ್ವರಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ಸಾಕು. ಮ್ಯಾಲ ಬರ್ರಿ."

ಅವಳಿಗೆ ಬೇಕಾಗಿದ್ದು ಸಿಕ್ಕಿತ್ತು. ತಾನೇ ವಿಷ ಹಾಕಿದ ಗುಂಡಿಗೆ ಹೀಗೆ ಯಾರೂ ಕಾಲಿಡುವುದಿಲ್ಲ. ಈ ಮನುಷ್ಯ ಮೋಸ ಮಾಡಿದ್ದ, ಆದರೆ ಈಗ ಸುಳ್ಳು ಹೇಳುತ್ತಿರಲಿಲ್ಲ. ಇನ್ನು ಒಳಗೆ ಗಾಳಿ ಶುದ್ಧವಿದೆಯೆಂದು ಖಾತ್ರಿ ಮಾಡಿಕೊಂಡರೆ ಮುಗಿಯಿತು. ಚೀಲದಿಂದ ಪೆಟ್ಟಿಗೆ ತೆಗೆದು, ಹುರಿಗೆ ಕಟ್ಟಿ, ಕಂದೀಲಿನ ಪಕ್ಕಕ್ಕೇ ಇಳಿಬಿಟ್ಟಳು.

ಅರ್ಧ ದಾರಿಗೆ ಹೋಗುವ ಮೊದಲೇ ಪೆಟ್ಟಿಗೆ ಕಿರುಚಿಕೊಂಡಿತು.

ಹಗೇವಿನ ಗೋಡೆಗಳಿಗೆ ಬಡಿದು ಆ ಕೀರಲು ಸದ್ದು ಇಮ್ಮಡಿಯಾಗಿ ಮೇಲೆದ್ದು ಬಂತು. ಅದರ ಕೆಂಪು ದೀಪ ಮಿಣುಕುತ್ತಿತ್ತು. ಪಕ್ಕದಲ್ಲೇ ಕಂದೀಲು ತನ್ನ ಪಾಡಿಗೆ ತಾನು ಉರಿಯುತ್ತಿತ್ತು.

"ನಾನಲ್ರಿ!" ಗೌರೀಶ ಹಿಂದೆ ಸರಿದ. ಮುಖದಲ್ಲಿ ರಕ್ತ ಇರಲಿಲ್ಲ. "ನಮ್ಮವ್ವನಾಣಿ, ನಾನಲ್ರಿ!"

"ಗೊತ್ತೈತಿ," ಎಂದಳು ರಾಜೇಶ್ವರಿ. ಮರುಕ್ಷಣವೇ ಅವಳಿಗೆ ಹೊಳೆಯಿತು. ಬೂದಿ ತಣ್ಣಗಿದ್ದದ್ದು ಹಳೆಯದಾದ್ದರಿಂದ ಅಲ್ಲ, ನಿನ್ನೆಯದಾದ್ದರಿಂದ. ಯಾರೋ ಈಗ, ಈ ಸಂಜೆ, ಹೊಸ ಕೆಂಡ ಸುರಿದಿದ್ದಾರೆ. ಆ ಕೊಳವೆ ಹೋಗುವುದು...

"ಭಾಗ್ಯಾ! ಕೂಸು!"

ಭಾಗ್ಯಾ ಆಗಲೇ ಓಡುತ್ತಿದ್ದಳು.

ಕೋಣೆಯ ಬಾಗಿಲು ತೆರೆದಾಗ ಐಶ್ವರ್ಯಾ ತೊಟ್ಟಿಲಿಗೆ ತಲೆ ಆನಿಸಿ ತೂಕಡಿಸುತ್ತಿದ್ದಳು. ಮೂಲೆಯ ಕೊಳವೆ ಉಸಿರಾಡುತ್ತಿತ್ತು. ಅವಳು ಹೇಳಿದ್ದು ಸುಳ್ಳಲ್ಲ. ಮೆಲ್ಲಗೆ, ಬಿಟ್ಟೂಬಿಡದೆ, ನಿದ್ದೆಯಲ್ಲಿದ್ದ ಮನುಷ್ಯ ಉಸಿರು ಬಿಟ್ಟಂತೆಯೇ ಕೇಳುತ್ತಿತ್ತು. ಕೆಂಡದ ಕಾವು ಕಾಲುವೆಯ ಗಾಳಿಯನ್ನು ಮೇಲಕ್ಕೆ ನೂಕುವ ಸದ್ದು ಅದು ಎಂದು ಗೊತ್ತಿದ್ದೂ ರಾಜೇಶ್ವರಿಯ ಕೂದಲು ನಿಮಿರಿತು.

ಬಟ್ಟಲಿನ ತುಪ್ಪ ಕರಗಿ ನೀರಾಗಿತ್ತು.

ಭಾಗ್ಯಾ ಕೂಸನ್ನು ಎದೆಗವಚಿಕೊಂಡು ಅಂಗಳಕ್ಕೆ ಓಡಿದಳು. ರಾಜೇಶ್ವರಿ ಗೋಣಿತಟ್ಟು ಕಿತ್ತೆಸೆದು, ಐಶ್ವರ್ಯಾಳನ್ನು ಹೆಗಲಿಗೆ ಆನಿಸಿಕೊಂಡು ಹೊರಗೆ ನಡೆಸಿದಳು. ಹುಡುಗಿಯನ್ನು ಅಂಗಳದ ಆಚೆ ತುದಿಯ ಗೋಡೆಗೆ ಒರಗಿಸಿ ಕೂರಿಸಿದಳು. ಗೌರೀಶ ಕೊಟ್ಟಿಗೆಯ ಹಿಂದಕ್ಕೆ ಓಡಿದ, ಕೆಂಡ ಹೊರಗೆಳೆಯಲು.

ಕೂಸು ಅಳಲಿಲ್ಲ. ಭಾಗ್ಯಾ ಅದರ ಕುಲಾವಿ ತೆಗೆದಳು, ಅಂಗಾಲು ತಿಕ್ಕಿದಳು, ಬೆನ್ನು ತಟ್ಟಿದಳು. ಭರಮಪ್ಪ ಕೈ ಮುಗಿದು ನಿಂತುಬಿಟ್ಟ. ಕೊನೆಗೆ ಕೂಸು ಮುಖ ಕಿವುಚಿ ಒಮ್ಮೆಲೇ ಕಿಟಾರನೆ ಕಿರುಚಿತು. ಅಷ್ಟು ಚಂದದ ಅಳುವನ್ನು ರಾಜೇಶ್ವರಿ ಜನ್ಮದಲ್ಲಿ ಕೇಳಿರಲಿಲ್ಲ.

"ಏ! ಏನ ಮಾಡಾಕತ್ತೀರಿ?"

ಸಿದ್ದಲಿಂಗವ್ವ ಕೊಟ್ಟಿಗೆಯ ಕಡೆಯಿಂದ ಬರುತ್ತಿದ್ದಳು. ಕೈಯಲ್ಲಿ ಖಾಲಿ ಮಡಕೆ. ಮುಂಗೈಗೆ ಬೂದಿ ಮೆತ್ತಿತ್ತು.

"ಹಸಿ ಬಾಣಂತಿನ, ಕೂಸಿನ ಈ ಥಂಡ್ಯಾಗ ಹೊರಗ ತಂದೀರಿ? ತಲಿ ಕೆಟ್ಟೈತೇನು? ಲಗೂ ಒಳಗ ನಡೀರಿ. ಈಗರ ಖೋಲಿ ಕಾಸಿ ಬಂದೇನಿ."



ರಾಜೇಶ್ವರಿ ಹತ್ತಿರ ಹೋಗಿ ಅವಳ ಕೈಯಿಂದ ಮಡಕೆ ತೆಗೆದುಕೊಂಡಳು. ಅದು ಇನ್ನೂ ಬಿಸಿಯಾಗಿತ್ತು.

"ದಿನಾ ಹಾಕತೀರೇನ್ರಿ ಅಮ್ಮಾರ?"

ಮುದುಕಿ ಸೊಸೆಯ ಕಡೆ ಕಳ್ಳನೋಟ ಬೀರಿ ದನಿ ತಗ್ಗಿಸಿದಳು. "ಐಶ್ವರ್ಯಾಗ ಹೇಳಬ್ಯಾಡವಾ. ಅಂವನ್ನ ಮಣ್ಣ ಮಾಡಿ ಬಂದ ಮರದಿನಾನ ನೆಲ ತಣ್ಣಗಾಗಾಕತ್ತು. ಆಕಿ ಕೈ ಇಟಗೊಂಡು ಕುಂತಿದ್ಲು. ಇದೂ ತಣ್ಣಗಾತಂದ್ರ ಅಂವಾ ಖರೇನ ಹೋದಂಗ ಅಲ್ಲೇನು? ನನ್ನ ಕಡಿಂದ ನೋಡಾಕ ಆಗಲಿಲ್ಲ. ಅಡಗಿ ಒಲಿ ಕೆಂಡ, ಒಂದೀಟು ಇದ್ದಲಿ... ಈಗೀಗ ನನಗೂ ಹಂಗ ಅನಸತೈತಿ, ಅಂವನ ಅದಾನ ಅಂತ."

"ಆ ಇಟ್ಟಂಗಿ ತಗದು ಹಾಕಬೇಕು ಅಂತ ಯಾರ ಹೇಳಿದ್ರು?"

"ಗೌರೀಶ ಹಾಕೂದು ನೋಡಿದ್ನಿ. 'ನಿಮ್ಮ ಮಗಗ ಚಲೋ ಆಗಲಿ ಅಂತ ಹಾಕೇನ್ರಿ, ಅಂವಗ ಹೇಳಬ್ಯಾಡ್ರಿ' ಅಂದಿದ್ದ."

ಮುಂದಿನ ಪ್ರಶ್ನೆಯನ್ನು ಕೇಳದೇ ಬಿಟ್ಟುಬಿಡಬೇಕೆಂದು ರಾಜೇಶ್ವರಿಗೆ ಬಹಳ ಅನಿಸಿತು. ಎದುರಿಗೆ ಭಾಗ್ಯಾ ಕೂಸನ್ನು ಎತ್ತಿಕೊಂಡು ನಿಂತು ಅವಳನ್ನೇ ನೋಡುತ್ತಿದ್ದಳು.

"ಮಗ ಇದ್ದಾಗ... ನೀವೇನರ ಹಾಕಿದ್ರೇನು?"

"ಒಂದ ಸಲ ಹಾಕಿದ್ನಿ." ಸಿದ್ದಲಿಂಗವ್ವನ ಬತ್ತಿದ ಮುಖದಲ್ಲಿ, ಇಡೀ ದಿನದಲ್ಲಿ ಮೊದಲ ಸಲ, ನಗೆಯಂಥದ್ದು ಮೂಡಿತು. "ಕೂಸು ಮನಿಗೆ ಬರೂ ದಿನ. ಮುಂಜಾನೆ ನೆಲ ಮುಟ್ಟಿ ನೋಡಿದ್ರ ಕಲ್ಲ ತಣ್ಣಗ ಕೊರೀತಿತ್ತು. ಪಾಪ, ವರ್ಷಗಟ್ಟಲೆ ದುಡದಾನ, ಹೆಂಡ್ತಿ ಮುಂದ ಮಾರಿ ಸಣ್ಣದ ಮಾಡಬಾರದು ಅಂತ ಎರಡ ಮಡಕಿ ಕೆಂಡ ಸುರದ್ನಿ. ಆಮ್ಯಾಲ ಹಗೇವಿನಾಗ ಇಳದು ಒದರಿದ್ನಲ್ಲ, 'ಬಿಸಿ ನಿಂತೈತಿ' ಅಂತ, ನಕ್ಕನಲ್ಲ, ನಾ ಅಡಗಿ ಮನ್ಯಾಗ ಕೇಳಿದ್ನಿ ತಂಗಿ. ಎಷ್ಟ ಸಂತೋಷ ಆತು ನನಗ! ಅಂವಾ ಕಡೀಗೆ ನಕ್ಕಿದ್ದು ನನ್ನಿಂದ. ಅದನ್ನ ನೆನಸಕೊಂಡ ಜೀಂವ ಹಿಡದೇನಿ."

ವಾಡೆಯ ದೊಡ್ಡ ಬಾಗಿಲ ಹೊರಗೆ ಜೀಪು ನಿಂತ ಸದ್ದಾಯಿತು.

ಫೌಜದಾರ ಒಳಗೆ ಬಂದ, ಹಿಂದೆ ಒಬ್ಬ ಪೇದೆ. "ಭರಮಪ್ಪ, ನಡಿಯಪ್ಪಾ," ಎಂದ, ಕಠಿಣವಾಗೇನೂ ಅಲ್ಲ. ಭರಮಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಭಾಗ್ಯಾ ಕೂಸನ್ನು ಕಟ್ಟೆಯ ಮೇಲೆ ಕೂತಿದ್ದ ಸಿದ್ದಲಿಂಗವ್ವನ ಮಡಿಲಿಗೆ ಕೊಟ್ಟು ಅಪ್ಪನ ತೋಳು ಹಿಡಿದಳು. ತಿರುಗಿ ರಾಜೇಶ್ವರಿಯನ್ನು ನೋಡಿದಳು. ಕೇಳಬೇಕಾದದ್ದೆಲ್ಲ ಅವಳ ಕಣ್ಣಲ್ಲಿತ್ತು.

ಸುಮ್ಮನಿದ್ದರೆ ತಪ್ಪು ಮಾಡದ ಒಬ್ಬ ಮನುಷ್ಯ ಜೀಪು ಹತ್ತುತ್ತಾನೆ. ಮಾತಾಡಿದರೆ ಈ ತಾಯಿ ಇಂದು ರಾತ್ರಿಯೇ ಸಾಯುತ್ತಾಳೆ. ರಾಜೇಶ್ವರಿಗೆ ಇಷ್ಟು ವರ್ಷದ ಕಸುಬಿನಲ್ಲಿ ಬೆಂಕಿ ಎಲ್ಲಿ ಹುಟ್ಟಿತು ಎಂದು ಹೇಳಲು ಎಂದೂ ನಾಲಿಗೆ ತಡವರಿಸಿದ್ದಿಲ್ಲ.

ಅವಳು ಫೌಜದಾರನ ಪಕ್ಕಕ್ಕೆ ಹೋಗಿ, ಮುದುಕಿಗೆ ಕೇಳದಂತೆ ಮೆಲ್ಲಗೆ ಹೇಳಿದಳು. "ಭರಮಪ್ಪಂದು ತಪ್ಪಿಲ್ರಿ. ಹುಡುಗ ಸತ್ತದ್ದು ಇದ್ದಲಿ ಗಾಳಿಗೆ. ಕಂದೀಲಕ್ಕ ಅದು ತಿಳಿಯೂದಿಲ್ಲ. ಇಲ್ಲೇ ತೋರಸ್ತೇನಿ."

"ಇದ್ದಲಿ?" ಫೌಜದಾರನ ದನಿ ಮೆಲ್ಲಗಿರಲಿಲ್ಲ. "ಅವತ್ತ ಅಲ್ಲಿ ಕೆಂಡ ಹಾಕಿದಾವ್ರು ಯಾರ್ರಿ ಹಂಗಾರ?"

ರಾಜೇಶ್ವರಿ ಕೈಯಲ್ಲಿದ್ದ ಮಡಕೆಯನ್ನು ಬೆನ್ನ ಹಿಂದೆ ಸರಿಸಿದಳು. ಕೊಟ್ಟಿಗೆಯ ಮಗ್ಗುಲಲ್ಲಿ ಗೌರೀಶ ಬಂದು ನಿಂತಿದ್ದ. ಕೈಯೆಲ್ಲ ಮಸಿ. ಮುದುಕಿ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು. ಅವನು ಒಮ್ಮೆ ಸಿದ್ದಲಿಂಗವ್ವನನ್ನು ನೋಡಿದ, ಮಡಿಲ ಕೂಸನ್ನು ನೋಡಿದ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದ.

"ನಾನ್ರಿ," ಎಂದ. "ಅವತ್ತ ಕೆಂಡ ಹಾಕಿದಾಂವ ನಾನು. ನನ್ನ ಕರಕೊಂಡು ನಡೀರಿ."

ಅವನು ಈ ಸಲ ಸುಳ್ಳು ಹೇಳುತ್ತಿದ್ದಾನೆಂದು ಮುದುಕಿಯಲ್ಲದೆ ಅಂಗಳದಲ್ಲಿ ಇನ್ನೂ ಮೂವರಿಗೆ ಗೊತ್ತಿತ್ತು. ಭರಮಪ್ಪ ತಲೆ ತಗ್ಗಿಸಿದ. ಭಾಗ್ಯಾ ಕಣ್ಣು ಮುಚ್ಚಿಕೊಂಡಳು. ರಾಜೇಶ್ವರಿ ಬಾಯಿ ತೆರೆದವಳು ಹಾಗೇ ನಿಂತಳು.

"ಅಯ್ಯ, ಇದೇನಂತಿಯೋ ಗೌರೀಶ?"

ಸಿದ್ದಲಿಂಗವ್ವ ಕೂಸನ್ನು ಎದೆಗೆ ಒತ್ತಿಕೊಂಡು ಎದ್ದಳು. ತನ್ನ ಮಗನ ಗೆಳೆಯನನ್ನು ಪೊಲೀಸರು ಒಯ್ಯುವುದನ್ನು ಅವಳು ನೋಡಿಕೊಂಡಿರುವ ಹೆಂಗಸಲ್ಲ. ಬಾಗಿಲು ಗೋಡೆಗಳ ಆಸರೆ ಇಲ್ಲದೆ, ನೆಟ್ಟಗೆ ನಡೆದು ಬಂದು ಫೌಜದಾರನ ಎದುರು ನಿಂತಳು.

"ಇಲ್ಲದ್ದ ತಪ್ಪು ಮೈಮ್ಯಾಲ ಯಾಕ ಹಾಕೋತಿ? ಅವತ್ತ ನೀ ರಾಮದುರ್ಗದಾಗ ಇದ್ದಿ. ಸಾಹೇಬ್ರ, ಕೆಂಡ ಹಾಕಿದಾಕಿ ನಾನು. ಈ ಕೈಯಿಂದ."

ಅವಳು ಬೂದಿ ಮೆತ್ತಿದ ಕೈಯನ್ನು ಮುಂದೆ ಚಾಚಿದಳು. ಅವಳು ಫೌಜದಾರನಿಂದ ಗೌರೀಶನ ಕಡೆಗೆ, ಗೌರೀಶನಿಂದ ಭರಮಪ್ಪನ ಕಡೆಗೆ, ಕೊನೆಗೆ ರಾಜೇಶ್ವರಿಯ ಕಡೆಗೆ ತಿರುಗಿದಳು.

"ಯಾಕ ಎಲ್ಲಾರೂ ಹಿಂಗ ನೋಡಾಕತ್ತೀರಿ? ಹೇಳ ತಂಗಿ. ನಾ ಹಾಕಿದ ಕೆಂಡದಿಂದ ಏನಾತು?"